ಟಿಕೋಟಾದ ಉಸ್ತಾದರ ಇಪ್ಪತ್ತೊಂದು ದಿನ

ಎಣ್ಣೆ ಹಚ್ಚಿ ತಿಕ್ಕಿಸಿಕೊಂಡರೆ ಹೋಗದ ಬೇನೆಯಿಲ್ಲ, ಅದರಲ್ಲೂ ಟಿಕೋಟಾದ ಉಸ್ತಾದರು ತಿಕ್ಕಿದರೆ ನರ ಹೇಳಿದ ಮಾತು ಕೇಳುತ್ತದೆ ಎಂದು ಎಪ್ಪತ್ತರ ದಶಕದ ವಿಜಾಪುರದಲ್ಲಿ ಎಲ್ಲರೂ ನಂಬಿದ್ದರು. ನಾನು ಧಾರವಾಡದಲ್ಲಿ ಎಂ.ಎಸ್ಸಿ. ಮುಗಿಸಿ ವಿಜಾಪುರದ ಒಂದು ಕಾಲೇಜಿಗೆ ರಸಾಯನಶಾಸ್ತ್ರ ಕಲಿಸಲು ಬಂದಿದ್ದೆ. ನಮ್ಮ ಗಲ್ಲಿಯಲ್ಲಿ ನಂಬದವನು ನಾನೊಬ್ಬನೇ. ನಂಬದವನ ಕಣ್ಣ ಮುಂದೆಯೇ ಇಂಥವು ಒಂದರ ಹಿಂದೊಂದು ನಡೆಯುತ್ತವೆ.

೧. ಎರವಲು ಕೈ

ಪಕ್ಕದ ಮನೆಯವರು ಬಸ್ ಡ್ರೈವರ್. ದಿನಾ ಬಬಲೇಶ್ವರಕ್ಕೆ ಹೋಗಿಬರುತ್ತಿದ್ದರು. ಒಂದು ಬೇಸಿಗೆಯಲ್ಲಿ ಅವರ ಬಲಗೈ ಮೇಲೇಳದಾಯಿತು. ಸ್ಟೇರಿಂಗ್ ಹೇಗೋ ತಿರುಗುತ್ತಿತ್ತು. ಆದರೆ ಆಗ ಬಲಕ್ಕೆ ಹೊರಳುವ ಮೊದಲು ಕಿಟಕಿಯಿಂದ ಕೈ ಚಾಚಿ ತೋರಿಸಬೇಕಿತ್ತು. ಅದು ಆಗದೆ, ತಮ್ಮ ಬೆನ್ನ ಹಿಂದಿನ ಕಿಟಕಿ ಸೀಟಿನ ಅಜ್ಜಿಯೊಬ್ಬಳಿಗೆ ಆ ಕೆಲಸ ಒಪ್ಪಿಸಿದರು.

ಡ್ರೈವರು ಹೇಳಿದಾಗಲೆಲ್ಲ ಅಜ್ಜಿ ಕೈ ಚಾಚಿದಳು. ದಾರಿಯಲ್ಲಿ ಪರಿಚಯದವರು ಕಂಡಾಗಲೂ ಚಾಚಿದಳು. ಹಿಂದಿನ ಲಾರಿಯವನು ಬ್ರೇಕ್ ಒತ್ತಿ ಒತ್ತಿ ಸಾಕಾಗಿ, ಮುಂದೆ ಬಂದು ಅಡ್ಡ ನಿಲ್ಲಿಸಿ, ಎತ್ತ ಹೊರಳುತ್ತೀರಿ ಒಮ್ಮೆ ಹೇಳಿಬಿಡಿ ಎಂದ.

"ಹೊಳ್ಳಾಕಲ್ಲೋ ಯಪ್ಪಾ, ಅಲ್ಲಿ ನಮ್ಮ ಬೀಗರು ನಿಂತಿದ್ರು" ಎಂದಳು ಅಜ್ಜಿ.

ಲಾರಿಯವನು ಡಿಪೋಗೆ ದೂರು ಕೊಟ್ಟ. ಡ್ರೈವರಿಗೆ ಒಂದು ತಿಂಗಳ ಗಡುವು ಬಂತು. ಆಮೇಲೆ ಡಾಕ್ಟರ ಮುಂದೆ ಎರಡೂ ಕೈ ಕಿವಿಗೆ ಹತ್ತುವಂತೆ ಎತ್ತಬೇಕು. ಆಗದಿದ್ದರೆ ಸ್ಟೇರಿಂಗ್ ಬಿಟ್ಟು ಡಿಪೋದಲ್ಲಿ ಬಸ್ ತೊಳೆಯಬೇಕು.

"ಇಪ್ಪತ್ತು ವರ್ಷ ಓಡಿಸಿದ ಬಸ್ಸಿಗೆ ಇನ್ನ ಜಳಕಾ ಮಾಡಿಸ್ಬೇಕೇನ್ರಿ ಸರ?" ಎಂದು ನನ್ನನ್ನು ಕೇಳಿದರು. ಅವರು ನಗಲಿಲ್ಲ.

೨. ಎಣ್ಣೆಯ ಪರೀಕ್ಷೆ

ಆಸ್ಪತ್ರೆಗೆ ಹೋಗಿ ಎಂದೆ. ಅವರು ರಜೆ ಹಾಕಿ ಟಿಕೋಟಾಕ್ಕೆ ಹೋದರು. ಉಸ್ತಾದರು ಹಳೆಯ ಪೈಲ್ವಾನರು. ಇಪ್ಪತ್ತೊಂದು ದಿನ ಮಾಲೀಸು. ಅಷ್ಟು ದಿನ ಬದನೆಕಾಯಿ, ಹುಳಿ, ಸ್ಟೇರಿಂಗ್ ಮೂರನ್ನೂ ಮುಟ್ಟಬಾರದು.

ಆ ಎಣ್ಣೆಯಲ್ಲಿ ಏನೋ ಗಿಡಮೂಲಿಕೆಯ ಗುಟ್ಟಿದೆ ಎಂದು ಗಲ್ಲಿಯೆಲ್ಲ ಮಾತು. ನಾನು ಡ್ರೈವರ ಕೈಲಿ ಒಂದು ಸೀಸೆ ತರಿಸಿ ಕಾಲೇಜಿನ ಪ್ರಯೋಗಾಲಯದಲ್ಲಿ ಮೂರು ದಿನ ಕೂತೆ. ಕುಸುಬಿ ಎಣ್ಣೆ, ಸ್ವಲ್ಪ ಕರ್ಪೂರ. ಬಜಿ ಕರಿಯುವ ಎಣ್ಣೆ ಎಂದು ಕಟ್ಟೆಯ ಮೇಲೆ ನಿಂತು ಎಲ್ಲರಿಗೂ ಕೇಳುವಂತೆ ಹೇಳಿದೆ.

ಡ್ರೈವರು ಆ ಮಾತನ್ನು ಟಿಕೋಟಾಕ್ಕೆ ಮುಟ್ಟಿಸಿ, ಉಸ್ತಾದರ ಉತ್ತರವನ್ನೂ ತಂದರು: "ನಿಮ್ಮ ಸರ್ ಖರೇ ಹೇಳ್ಯಾರ. ಮೂರು ದಿನ ಯಾಕ ಬೇಕಾತು ಕೇಳು. ಡಬ್ಬಿ ಮ್ಯಾಲೇ ಬರದೈತಿ."

೩. ನಿದ್ದೆ ಬಾರದ ಗೌಡರು

ಒಂದು ಭಾನುವಾರ ನಾನೂ ಜೊತೆಗೆ ಹೋದೆ. ನಮಗಿಂತ ಮೊದಲು ಹಲಗೆಯ ಮೇಲೆ ಮಮದಾಪುರದ ಕಡೆಯ ಒಬ್ಬ ಗೌಡರು ಮಲಗಿದ್ದರು. ಆರು ತಿಂಗಳಿಂದ ರಾತ್ರಿ ಕಣ್ಣು ಮುಚ್ಚಿಲ್ಲವಂತೆ. ಉಸ್ತಾದರು ಪಾದಕ್ಕೆ ಎಣ್ಣೆ ಹಚ್ಚಿ ನಾಲ್ಕು ಸಲ ತಿಕ್ಕಿದರು. ಗೌಡರು ಗೊರಕೆ ಹೊಡೆದರು. ಇದ್ದದ್ದು ಒಂದೇ ಹಲಗೆ, ಸಾಲಿನಲ್ಲಿ ಏಳು ಜನ. ಎಬ್ಬಿಸಲು ಯಾರೂ ಮುಂದೆ ಬರಲಿಲ್ಲ. ಗುಣವಾದದ್ದನ್ನು ಕೆಡಿಸಿದ ಪಾಪ ಯಾರಿಗೆ ಬೇಕು?

ಎರಡು ತಾಸಿನ ಮೇಲೆ ಗೌಡರು ಎದ್ದರು. ರಾತ್ರಿ ಯಾಕೆ ನಿದ್ದೆ ಬರುವುದಿಲ್ಲ ಎಂದು ನಾನು ವಿಚಾರಿಸಿದೆ.

"ಹ್ಯಾಂಗ ಬರಬೇಕ್ರಿ? ಮಧ್ಯಾಹ್ನ ಉಂಡು ಮಲಗಿದ್ರ ನಾ ಏಳೂದೇ ದೀಪಾ ಹಚ್ಚೂ ಹೊತ್ತಿಗೆ."

ಎಲ್ಲರ ಮುಖ ನೋಡಿದೆ. ಅವರು ಉಸ್ತಾದರ ಕೈ ನೋಡುತ್ತಿದ್ದರು. ಅಷ್ಟರಲ್ಲಿ ನನ್ನ ಬಸ್ಸು ಬಂತು. ಡ್ರೈವರ ಸರದಿಗೆ ನಾನು ಅಲ್ಲಿರಲಿಲ್ಲ.

೪. ಪಾಸು

ಗಡುವಿನ ದಿನ ಡ್ರೈವರು ಡಾಕ್ಟರ ಮುಂದೆ ಎರಡೂ ಕೈ ಎತ್ತಿದರು. ಕಿವಿಗೆ ಹತ್ತಿದವು. ಡಾಕ್ಟರರು ಬಲಗೈಯನ್ನು ಇನ್ನೊಮ್ಮೆ ಎತ್ತಿಸಿದರು. ಮತ್ತೆ ಹತ್ತಿತು. ಸ್ಟೇರಿಂಗ್ ಮರಳಿ ಕೈಗೆ ಬಂತು.

ಮರುವಾರ ನಮ್ಮ ಗಲ್ಲಿಯಿಂದ ಟಿಕೋಟಾಕ್ಕೆ ಹೊರಟವರಲ್ಲಿ ನನ್ನ ಹೆಂಡತಿಯೂ ಇದ್ದಳು, ಕುತ್ತಿಗೆ ನೋವೆಂದು. ಮೂರು ವಾರ ದುಡಿಸದಿದ್ದರೆ ಯಾವ ಕೈಯಾದರೂ ಸುಧಾರಿಸುತ್ತದೆ ಎಂದೆ. ನನ್ನ ಕಾಲೇಜಿಗೆ ಬೇಸಿಗೆ ರಜೆ ಎರಡು ತಿಂಗಳು, ನಾನೇನು ಸುಧಾರಿಸಿದೆ ಎಂದು ಕೇಳಿದಳು.

ಆ ಸಂಜೆ ಡ್ರೈವರು ಪೇಡೆ ತಂದರು. ಬಾಗಿಲಲ್ಲಿ ಯಾರೂ ಇಲ್ಲವೆಂದು ನೋಡಿ, ದನಿ ಇಳಿಸಿದರು. "ಸರ, ನೀವು ಹ್ಯಾಂಗೂ ನಂಬಾಂಗಿಲ್ಲ. ಅದಕ್ಕ ನಿಮಗೊಬ್ರಿಗೇ ಹೇಳ್ತೇನಿ."

ಉಸ್ತಾದರ ಹಲಗೆ ಏರಿದವನು ಎಲ್ಲಿ ನೋವು ಎಂದು ಹೇಳುವ ಪದ್ಧತಿ ಇಲ್ಲವಂತೆ. ಅವರ ಬೆರಳೇ ಹುಡುಕಬೇಕು. ನಾವು ಬಾಯಿ ತೆರೆದರೆ ಆ ಕೈಗೆ ಅವಮಾನ. ಮೊದಲ ದಿನ ಉಸ್ತಾದರು ಬೆನ್ನೆಲ್ಲ ತಡವಿ, "ಸಿಕ್ತು" ಎಂದು ಶುರುಮಾಡಿದರು. ಎರಡನೆಯ ದಿನ ಹೇಳೋಣವೆಂದರೆ ಸುತ್ತ ಜನ. ಮೂರನೆಯ ದಿನ ಯಾವ ಮುಖದಿಂದ ಹೇಳುವುದು?

ಏನು ಹೇಳಬೇಕಿತ್ತು ಎಂದು ಕೇಳಿದೆ.

ಇಪ್ಪತ್ತೊಂದು ದಿನವೂ ಉಸ್ತಾದರು ತಿಕ್ಕಿದ್ದು ಎಡ ಭುಜ.