ಮತ್ರಾ ಬಂದರಿನ ಬೆಲ್ಲ ನೀರು

ಹೋಟೆಲು ನಡೆಸುವವನಿಗೆ ಅಳುವುದಕ್ಕೂ ಪುರುಸೊತ್ತು ಸಿಗುವುದಿಲ್ಲ. ಕಣ್ಣು ತುಂಬಿ ಬಂತು ಅನ್ನುವಷ್ಟರಲ್ಲಿ ಯಾರಾದರೊಬ್ಬ ಪುಣ್ಯಾತ್ಮ ಟವೆಲು ಸುತ್ತಿಕೊಂಡು ಮೆಟ್ಟಿಲಿಳಿದು ಬಂದು, ಬಿಸಿನೀರು ಬರುತ್ತಿಲ್ಲ ಅನ್ನುತ್ತಾನೆ. ಅದನ್ನು ಸರಿಮಾಡಿ ವಾಪಸು ಬಂದರೆ ಅಳು ಎಲ್ಲಿಟ್ಟಿದ್ದೆ ಎಂದೇ ನೆನಪಿರುವುದಿಲ್ಲ.

ನಮ್ಮದು ಒಮಾನಿನ ಮಸ್ಕತ್‌ನಲ್ಲಿ, ಮತ್ರಾದ ಕಾರ್ನಿಶ್ ಅನ್ನುವ ಕಡಲತಡಿಯ ರಸ್ತೆಯಲ್ಲಿ ಬಂದರಿಗೆ ಮುಖ ಮಾಡಿಕೊಂಡ ಸಣ್ಣ ಹೋಟೆಲು. ಮೇಲೆ ಹತ್ತು ಕೋಣೆ, ಕೆಳಗೆ ನಾಲ್ಕು ಮೇಜು, ಹಿಂದುಗಡೆ ನಮ್ಮ ಸಂಸಾರ. ಕೌಂಟರಿನಲ್ಲಿ ನಾನು, ಉಳಿದೆಲ್ಲ ಕಡೆ ನನ್ನ ಹೆಂಡತಿ. ಇಬ್ಬರೂ ಉಡುಪಿ ಕಡೆಯವರು, ಮನೆಮಾತು ತುಳು. ಇಲ್ಲಿ ಬರೆಯುವಾಗ ಕನ್ನಡ ಮಾಡಿದ್ದೇನೆ. ಅವಳ ಬೈಗುಳ ಮಾತ್ರ ಕನ್ನಡಕ್ಕೆ ಬರುವುದಿಲ್ಲ, ಬಿಟ್ಟಿದ್ದೇನೆ.

ಅವಳು ಹೋದ ವರ್ಷ ತೀರಿಕೊಂಡಳು. ಇದೇ ದೇಶದ ಸೊಹಾರ್ ಊರಿನಲ್ಲಿರುವ ಮಗಳು ಅಂದಿನಿಂದ ದಿನಾ ಫೋನು ಮಾಡಿ, "ಸಾಕು ಅಪ್ಪ, ಹೋಟೆಲು ಮುಚ್ಚಿ ನಮ್ಮಲ್ಲಿಗೆ ಬನ್ನಿ" ಅನ್ನುತ್ತಿದ್ದಳು. ಮುಚ್ಚುವುದೋ ಬಿಡುವುದೋ ಎಂದು ಗಂಭೀರವಾಗಿ ಯೋಚಿಸಲು ಕೂತರೆ ನೆನಪಾಗುವುದೆಲ್ಲ ನಗೆಪಾಟಲಿನ ಸಂಗತಿಗಳೇ. ನನ್ನ ಗ್ರಹಚಾರ.

ನೊರೆ ಬಾರದ ಸಾಬೂನು

ನಮ್ಮ ಕಡೆ ಮನೆಗೆ ಯಾರೇ ಬರಲಿ, ಮೊದಲು ಒಂದು ತುಂಡು ಬೆಲ್ಲ, ಒಂದು ಲೋಟ ನೀರು. ಆಮೇಲೆ ಮಾತು. ಹೋಟೆಲು ತೆರೆದ ದಿನವೇ ನನ್ನ ಹೆಂಡತಿ ಬೆಲ್ಲದ ಡಬ್ಬಿ ತಂದು ಕೌಂಟರಿನ ಮೇಲೆ ಕುಕ್ಕಿದಳು.

"ಇದು ಹೋಟೆಲು ಮಾರಾಯ್ತಿ, ನೆಂಟರ ಮನೆಯಲ್ಲ" ಅಂದೆ.

"ಬಿಸಿಲಲ್ಲಿ ಬಂದವರಿಗೆ ಹೋಟೆಲು ಯಾವುದು, ಮನೆ ಯಾವುದು? ನೀವು ಪಾಸ್‌ಪೋರ್ಟು ನೋಡಿ, ನಾನು ಬಾಯಾರಿಕೆ ನೋಡ್ತೇನೆ."

ಒಮ್ಮೆ ಫ್ರಾನ್ಸಿನಿಂದ ವಯಸ್ಸಾದ ಗಂಡ ಹೆಂಡತಿ ಬಂದರು. ಇವಳು ಪುಟ್ಟ ಸ್ಟೀಲ್ ತಟ್ಟೆಯಲ್ಲಿ ಬೆಲ್ಲ ಇಟ್ಟು ನೀರಿನ ಜೊತೆ ಕೊಟ್ಟಳು. ಅವರು ತುಂಬ ಸಂತೋಷದಿಂದ ನೀರು ಕುಡಿದು, ತಟ್ಟೆಯನ್ನು ಹಾಗೇ ಕೋಣೆಗೆ ತೆಗೆದುಕೊಂಡು ಹೋದರು. ಮರುದಿನ ಬೆಳಿಗ್ಗೆ ಆ ಮನುಷ್ಯ ಕೌಂಟರಿಗೆ ಬಂದು ಸಂಕೋಚದಿಂದ ಹೇಳಿದ:

"ನಿಮ್ಮ ಮನೆಯಲ್ಲೇ ಮಾಡಿದ ಸಾಬೂನು ಬಹಳ ಚೆನ್ನಾಗಿದೆ. ಆದರೆ ನೊರೆ ಬರುವುದಿಲ್ಲ. ಮತ್ತೆ, ನನ್ನ ಹೆಂಡತಿಗೆ ಇರುವೆ ಹತ್ತುತ್ತಿದೆ."

ಇವಳಿಗೆ ಹೇಳಿದಾಗ ಹೊಟ್ಟೆ ಹುಣ್ಣಾಗುವಷ್ಟು ನಕ್ಕಳು. ಆಮೇಲೆ ಬಕೆಟ್ಟಿನಲ್ಲಿ ಬಿಸಿನೀರು ಹೊತ್ತು ತಾನೇ ಮೇಲೆ ಹೋಗಿ ಆ ಮುದುಕಿಯ ಬೆನ್ನು ತೊಳೆದು ಬಂದಳು. ಅಂದಿನಿಂದ, ಬಂದವರು ಬೆಲ್ಲವನ್ನು ಬಾಯಿಗೆ ಹಾಕುವ ತನಕ ಇವಳು ಎದುರಿನಿಂದ ಕದಲುತ್ತಿರಲಿಲ್ಲ. ಮಕ್ಕಳಿಗೆ ಔಷಧಿ ಕುಡಿಸುವ ತಾಯಿ ಹಾಗೆ ನಿಂತುಬಿಡುತ್ತಿದ್ದಳು.

ಹೊರಡುವಾಗ ಆ ಮುದುಕಿ ಒಂದು ಕಿಲೋ ಬೆಲ್ಲ ಕೇಳಿ ಕಟ್ಟಿಸಿಕೊಂಡು ಹೋದಳು. ಯಾವುದಕ್ಕೆಂದು ನಾವು ಕೇಳಲಿಲ್ಲ.

ಸಮುದ್ರ ಕಾಣುವ ಕೋಣೆ

ಬೆಂಗಳೂರಿನ ಗೃಹಸ್ಥರೊಬ್ಬರು ಸಮುದ್ರ ಕಾಣುವ ಕೋಣೆಯೇ ಬೇಕೆಂದು ಬುಕ್ ಮಾಡಿ ಬಂದರು. ಪರದೆ ಸರಿಸಿದರೆ, ಬೆಳಿಗ್ಗೆಯಷ್ಟೇ ಬಂದು ನಿಂತ ಪ್ರವಾಸಿ ಹಡಗು. ಏಳೆಂಟು ಅಂತಸ್ತು. ಸಮುದ್ರ ಬಿಡಿ, ಆಕಾಶವೂ ಸರಿಯಾಗಿ ಕಾಣುತ್ತಿರಲಿಲ್ಲ.

"ಏನ್ರೀ ಇದು? ಎದುರುಮನೆ ಗೋಡೆ ನೋಡೋಕೆ ಮಸ್ಕತ್‌ವರೆಗೂ ಬರಬೇಕಿತ್ತಾ? ಅದು ನಮ್ಮನೇಲೇ ಇತ್ತಲ್ಲ!"

ಇವಳು ಒಂದು ತಟ್ಟೆ ಗೋಳಿಬಜೆ ಹಿಡಿದುಕೊಂಡು ಮೇಲೆ ಹೋದಳು. "ಸಂಜೆಗೆ ಹಡಗು ಹೋಗ್ತದೆ. ಅಷ್ಟರ ತನಕ ಇದು ತಿನ್ನುತ್ತಾ ಇರಿ."

ಅವರು ಮುಖ ಊದಿಸಿಕೊಂಡು ಕಿಟಕಿಯ ಹತ್ತಿರ ಕೂತರು. ಹಡಗಿನ ಮೇಲಿಂದ ಯಾವುದೋ ಮಗು ಕೈಬೀಸಿತು. ಇವರೂ ಬೀಸಿದರು. ಮಗುವಿನ ಅಜ್ಜಿ ಬೀಸಿದಳು. ಮಧ್ಯಾಹ್ನದ ಊಟಕ್ಕೂ ಇಳಿಯದೆ ಕೈಬೀಸುತ್ತಲೇ ಇದ್ದರು. ಸಂಜೆ ಹಡಗು ಹೊರಟಾಗ ಅದು ಗುಡ್ಡದ ಆಚೆ ಮರೆಯಾಗುವ ತನಕ ಕಿಟಕಿಯಲ್ಲೇ ನಿಂತಿದ್ದರು.

ಮರುದಿನ ಕೆಳಗೆ ಬಂದು, "ಹಡಗೆಲ್ಲಿ?" ಅಂದರು.

"ಹೋಯಿತಲ್ಲ ಸಾರ್. ಈಗ ಸಮುದ್ರ ಪೂರ್ತಿ ನಿಮ್ಮದೇ."

"ಸಮುದ್ರದಲ್ಲಿ ಏನಿದೆ ರೀ ನೋಡೋಕೆ? ಬರೀ ನೀರು!"

ಅವತ್ತು ಅವರ ಬೆನ್ನ ಹಿಂದೆ ತುಂಬ ನಕ್ಕಿದ್ದೆ. ಈಗ ಇವಳಿಲ್ಲದ ಅಡಿಗೆಮನೆಯ ಕಡೆ ನೋಡುವಾಗ ಆ ಮನುಷ್ಯ ಹೇಳಿದ್ದು ಸರಿ ಅನ್ನಿಸುತ್ತದೆ.

ಎತ್ತು ಏರಿಗೆ, ಕೋಣ ನೀರಿಗೆ

ಈ ದೇಶದಲ್ಲಿ ನಮ್ಮಂಥವರ ವ್ಯಾಪಾರಕ್ಕೆ ಕಫೀಲ್ ಅಂತ ಒಬ್ಬ ಒಮಾನಿ ಯಜಮಾನ ಇರುತ್ತಾನೆ, ಲೈಸೆನ್ಸು ಅವನ ಹೆಸರಿನಲ್ಲಿ. ನಮ್ಮ ಕಫೀಲ್ ವಯಸ್ಸಾದವರು, ಹೆಂಡತಿ ತೀರಿಹೋದವರು. ಇವಳು ಅವರನ್ನು ಅಜ್ಜ ಎಂದೇ ಕರೆಯುತ್ತಿದ್ದಳು. ದಿನಾ ಸಂಜೆ ಬಿಳಿ ನಿಲುವಂಗಿ, ಕಸೂತಿ ಟೊಪ್ಪಿ, ಕೈಯಲ್ಲಿ ಕೋಲು ಹಿಡಿದು ಬಂದು ಬಾಗಿಲ ಬಳಿಯ ಕುರ್ಚಿಯಲ್ಲಿ ಕೂರುವರು. ಇವಳು ಚಹಾ ತಂದು ಎದುರಿನ ಕುರ್ಚಿಯಲ್ಲಿ ಕೂರುವಳು.

ಅವರಿಗೆ ಅರಬ್ಬಿ ಬಿಟ್ಟು ಬೇರೆ ಬಾರದು. ಇವಳಿಗೆ ಅರಬ್ಬಿಯಲ್ಲಿ ಬರುತ್ತಿದ್ದದ್ದು 'ಯಲ್ಲಾ', 'ಖಲಾಸ್' ಎರಡೇ. ಬೇಗ ಮಾಡು, ಮುಗಿಯಿತು. ಈ ಎರಡರಲ್ಲಿ ಸಂಸಾರ ನಡೆಸಬಹುದು, ಹರಟೆ ಹೊಡೆಯಲಾಗುವುದಿಲ್ಲ. ಆದರೂ ಅವರು ಅರಬ್ಬಿಯಲ್ಲಿ, ಇವಳು ತುಳುವಿನಲ್ಲಿ ಸೂರ್ಯ ಮುಳುಗಿ ಮಸೀದಿಯಲ್ಲಿ ಮಗ್ರಿಬ್ ಬಾಂಗ್ ಆಗುವ ತನಕ ಮಾತಾಡುತ್ತಿದ್ದರು. ತಲೆಯಾಡಿಸುವುದೇನು, ಲೊಚಗುಟ್ಟುವುದೇನು!

ಒಂದು ದಿನ ನಾನು ಹತ್ತಿರ ಹೋಗಿ ಕಿವಿಗೊಟ್ಟೆ. ನನಗೆ ಎರಡೂ ಭಾಷೆ ಬರುತ್ತದೆ. ಅಜ್ಜ ತಮ್ಮ ಮೊಣಕಾಲು ನೋವಿನ ವಿಷಯ ಹೇಳುತ್ತಿದ್ದರು. ಇವಳು ಬೂತಾಯಿ ಮೀನು ತುಟ್ಟಿಯಾದ ವಿಷಯ ಹೇಳುತ್ತಿದ್ದಳು. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯುತ್ತಿತ್ತು. ಉಪಕಾರ ಮಾಡೋಣವೆಂದು ನಾನು ಒಬ್ಬರದ್ದನ್ನು ಇನ್ನೊಬ್ಬರಿಗೆ ಅನುವಾದ ಮಾಡಿಕೊಟ್ಟೆ.

ಇಬ್ಬರೂ ಒಟ್ಟಿಗೆ ನನ್ನನ್ನು ದುರುಗುಟ್ಟಿ ನೋಡಿದರು. "ನೀವು ಎಂತಕ್ಕೆ ಮಧ್ಯೆ ಬರುವುದು?" ಅಂದಳು ಇವಳು. "ನಾವು ಚೆಂದ ಮಾತಾಡ್ತಾ ಇದ್ದೆವು."

ಆಸ್ಪತ್ರೆಯ ಯಜಮಾನತಿ

ಹೊಟ್ಟೆನೋವೆಂದು ಹೋದವಳು ವಾಪಸು ಬರಲಿಲ್ಲ. ಕಾಯಿಲೆಯ ಹೆಸರು ಹೇಳುವ ಮೊದಲೇ ಡಾಕ್ಟರು ನನ್ನನ್ನು ಹೊರಗೆ ಕರೆದುಕೊಂಡು ಹೋದರು. ಆಗಲೇ ನನಗೆ ಗೊತ್ತಾಯಿತು.

ಅವಳು ಮಾತ್ರ ಆಸ್ಪತ್ರೆಯನ್ನೂ ಹೋಟೆಲೆಂದೇ ತಿಳಿದುಕೊಂಡಿದ್ದಳು. ಚಾದರ ಮಡಚುವುದು ಸರಿಯಿಲ್ಲವೆಂದು ಮಲಯಾಳಿ ನರ್ಸಿಗೆ ಮಲಗಿದಲ್ಲಿಂದಲೇ ಪಾಠ ಹೇಳುವಳು. ಡಾಕ್ಟರು ಬಂದು ನೋವು ಹೇಗಿದೆ ಎಂದು ಕೇಳಿದರೆ, "ನಿಮ್ಮ ತಿಂಡಿ ಆಯಿತಾ? ಮುಖ ಬಾಡಿದೆ" ಅನ್ನುವಳು. ಪಕ್ಕದ ಹಾಸಿಗೆಯಾಕೆ ಗುಣವಾಗಿ ಮನೆಗೆ ಹೊರಟಾಗ, "ಮಂಚದ ಕೆಳಗೆ ನೋಡಿಕೊಳ್ಳಲಿಕ್ಕೆ ಹೇಳಿ, ಎಲ್ಲರೂ ಚಾರ್ಜರ್ ಬಿಟ್ಟು ಹೋಗ್ತಾರೆ" ಅಂದಳು. ನೋಡಿದರೆ ನಿಜವಾಗಿಯೂ ಇತ್ತು.

ನಾನು ಹೋದಾಗಲೆಲ್ಲ ಒಂದೇ ಪ್ರಶ್ನೆ. "ಬಂದವರಿಗೆ ಬೆಲ್ಲ ಕೊಡ್ತೀರಲ್ಲ?"

"ಕೊಡ್ತೇನೆ."

"ತಿನ್ನುವ ತನಕ ನಿಲ್ತೀರಾ?"

"ನಿಲ್ತೇನೆ ಮಾರಾಯ್ತಿ."

ಕೊನೆಯ ದಿನಗಳಲ್ಲಿ ಮಾತು ಕಡಿಮೆಯಾಗಿತ್ತು. ನಾನು ಕೈ ಹಿಡಿದು ಕೂತಿದ್ದೆ. ಅವಳು ಕಣ್ಣು ಬಿಟ್ಟು ನನ್ನನ್ನೇ ನೋಡಿದಳು. ಏನೋ ದೊಡ್ಡ ಮಾತು ಹೇಳುತ್ತಾಳೆಂದು ಕಿವಿ ಹತ್ತಿರ ಒಯ್ದೆ.

"ಕೌಂಟರಿನಲ್ಲಿ ಯಾರಿದ್ದಾರೆ?" ಅಂದಳು.

ಐದು ನಕ್ಷತ್ರ

ಸೂತಕದ ದಿನಗಳಿಗೆ ಊರಿನಿಂದ ನನ್ನ ಅಕ್ಕ ಬಂದಳು. ಶಾಸ್ತ್ರದಲ್ಲಿ ಬಲು ಗಟ್ಟಿ. ಸಾವಿನ ಮನೆಯಲ್ಲಿ ಬಂದವರಿಗೆ 'ಬನ್ನಿ' ಅನ್ನಬಾರದು, ಹೋಗುವವರು 'ಹೋಗಿ ಬರ್ತೇನೆ' ಅನ್ನಬಾರದು. ನಮ್ಮವರಿಗೆಲ್ಲ ಗೊತ್ತಿರುವ ಪದ್ಧತಿಯೇ. ಆದರೆ ಆ ಪದ್ಧತಿ ಮಾಡಿದವರು ಹೋಟೆಲು ಇಟ್ಟುಕೊಂಡಿರಲಿಲ್ಲ.

ಕೋಣೆಗಳೆಲ್ಲ ತಿಂಗಳ ಮೊದಲೇ ಬುಕ್ ಆಗಿದ್ದವು. ಟ್ಯಾಕ್ಸಿ ಮೇಲೆ ಟ್ಯಾಕ್ಸಿ ಬರುತ್ತಿತ್ತು. ನಾನು ಬಾಯಿ ತೆರೆದರೆ ಸಾಕು, ಒಳಗಿನಿಂದ ಅಕ್ಕ ಕೆಮ್ಮುವಳು. ಹಾಗಾಗಿ ಸುಮ್ಮನೆ ತಲೆತಗ್ಗಿಸಿ ಪಾಸ್‌ಪೋರ್ಟು ತೆಗೆದುಕೊಂಡು, ಬೀಗದ ಕೈ ಕೊಟ್ಟು, ಮೆಟ್ಟಿಲ ಕಡೆ ಬೆರಳು ತೋರಿಸುತ್ತಿದ್ದೆ. ಜರ್ಮನಿಯ ಒಬ್ಬ ಹುಡುಗಿ ಹೊರಡುವಾಗ ಪ್ರೀತಿಯಿಂದ, "ಖಂಡಿತ ಮತ್ತೆ ಬರುತ್ತೇನೆ" ಅಂದಳು. ಅಕ್ಕ ಒಳಗಿನಿಂದ ಓಡಿಬಂದು ಎರಡೂ ಕೈ ಅಡ್ಡ ಹಿಡಿದು, "ನೋ ಕಮ್! ನೋ ಕಮ್!" ಎಂದು ಕೂಗಿದಳು. ಅವಳಿಗೆ ಗೊತ್ತಿದ್ದ ಇಂಗ್ಲಿಷ್ ಅಷ್ಟೇ.

ಅಜ್ಜ ತಮ್ಮ ಕಡೆಯ ಪದ್ಧತಿಯಂತೆ ಖರ್ಜೂರ, ಕಹ್ವಾ ಅನ್ನುವ ಅರಬ್ಬಿ ಕಾಫಿ ತರಿಸಿ, ನೆಂಟರಿಷ್ಟರೊಡನೆ ಕೆಳಗಿನ ಮೇಜುಗಳಲ್ಲಿ ಸಾಲಾಗಿ ಕೂತರು. ಚಡ್ಡಿ ಹಾಕಿದ ಪ್ರವಾಸಿಯೊಬ್ಬ ಇದು ಹೋಟೆಲಿನ ತಿಂಡಿಯೆಂದು ತಿಳಿದು ಸಾಲಿನಲ್ಲಿ ಕೂತ. ಎಲ್ಲರೂ ನನ್ನ ಕೈಹಿಡಿದದ್ದು ನೋಡಿ ತಾನೂ ಹಿಡಿದ, ಖರ್ಜೂರ ತಿಂದ, ಕಹ್ವಾ ಮೂರು ಸಲ ಹಾಕಿಸಿಕೊಂಡ. ಕೊನೆಗೆ ಇದು ಯಾವ ಹಬ್ಬ ಎಂದು ಕೇಳಿದ. ಯಾರೋ ಹೇಳಿದರು. ಅವನು ಬಾಯಿಯಲ್ಲಿ ಖರ್ಜೂರ ಇಟ್ಟುಕೊಂಡೇ ಬಿಕ್ಕಿ ಬಿಕ್ಕಿ ಅತ್ತ. ನನಗೆ ಇನ್ನೂ ಅಳು ಬಂದಿರಲಿಲ್ಲ, ಅವನನ್ನು ಸಮಾಧಾನ ಮಾಡುವುದೇ ಕೆಲಸವಾಯಿತು.

ಕೆಲವು ದಿನದ ಮೇಲೆ ಮಗಳು ಫೋನಿನಲ್ಲಿ ಓದಿ ಹೇಳಿದಳು. ಯಾರೋ ನಮ್ಮ ಹೋಟೆಲಿನ ಬಗ್ಗೆ ಬರೆದಿದ್ದರು: 'ಇಲ್ಲಿನವರು ಮೌನವ್ರತದಲ್ಲಿದ್ದಾರೆ. ಮನಸ್ಸಿಗೆ ಬಹಳ ಶಾಂತಿ ಸಿಕ್ಕಿತು. ಐದು ನಕ್ಷತ್ರ.'

ಇವಳಿದ್ದಾಗ ಒಮ್ಮೆಯೂ ಐದು ಬಂದಿರಲಿಲ್ಲ. ಯಜಮಾನತಿಯ ಗಂಟಲು ದೊಡ್ಡದೆಂದು ಯಾವಾಗಲೂ ಒಂದು ಕಡಿಮೆ ಕೊಡುತ್ತಿದ್ದರು. ಆ ಐದನೆಯ ನಕ್ಷತ್ರ ನನಗೆ ಬೇಡವಾಗಿತ್ತು.

ಖಲಾಸ್

ಕೊನೆಗೆ ನಾನೂ ಮುಚ್ಚುವುದೆಂದು ಒಪ್ಪಿದೆ. ಅಜ್ಜನಿಗೆ ಹೇಳಿದಾಗ, "ನಿನ್ನಿಷ್ಟ" ಎಂದು ಕೋಲು ನೋಡಿಕೊಂಡು ಕೂತರು. ಬುಕಿಂಗ್ ನಿಲ್ಲಿಸಿದೆವು. ಹೊರಡುವ ದಿನ ಸಂಜೆ ಮಗಳು ಕಾರು ತೆಗೆದುಕೊಂಡು ಬರುವವಳಿದ್ದಳು. ಎರಡು ಸೂಟ್‌ಕೇಸು ತುಂಬಿ ಬಾಗಿಲ ಬಳಿ ಇಟ್ಟಿದ್ದೆ. ಬಾಗಿಲ ಹಿಂದಿನ ಮೊಳೆಯಲ್ಲಿ ನನ್ನ ಹೆಂಡತಿ ಮನೆಯಲ್ಲಿ ಉಡುತ್ತಿದ್ದ ಸೀರೆ ಇನ್ನೂ ನೇತಾಡುತ್ತಿತ್ತು. ಅದನ್ನು ಮಡಚಲು ಕೈ ಬರಲಿಲ್ಲ.

ಅಜ್ಜ ಎಂದಿನ ಹೊತ್ತಿಗೆ ಬಂದು ಕೂತರು. ನಾನು ಚಹಾ ತಂದೆ. ಬೇರೆ ಕುರ್ಚಿಗಳನ್ನೆಲ್ಲ ಮೇಜಿನ ಮೇಲೆ ಮಗುಚಿ ಇಟ್ಟಿದ್ದರಿಂದ ಅವಳ ಕುರ್ಚಿಯಲ್ಲೇ ಕೂರಬೇಕಾಯಿತು.

"ಮೊಣಕಾಲು ನೋಯುತ್ತದೆ" ಅಂದರು ಅರಬ್ಬಿಯಲ್ಲಿ.

"ಡಾಕ್ಟರಿಗೆ ತೋರಿಸಿ" ಅಂದೆ, ನಾನೂ ಅರಬ್ಬಿಯಲ್ಲಿ.

ಅವರು ಕೋಲನ್ನು ನೆಲಕ್ಕೆ ಕುಟ್ಟಿದರು. "ಡಾಕ್ಟರನ್ನು ಕೇಳಿದೆನಾ ನಾನು? ಅವಳು ಹಾಗೆ ಹೇಳುತ್ತಿರಲಿಲ್ಲ."

"ಅವಳಿಗೆ ನಿಮ್ಮ ಮಾತು ಒಂದಕ್ಷರ ಅರ್ಥವಾಗುತ್ತಿರಲಿಲ್ಲ!"

"ಅದಕ್ಕೇ. ಅರ್ಥವಾದವರೆಲ್ಲ ಔಷಧಿ ಹೇಳುತ್ತಾರೆ. ಅವಳು ಕೂತು ಕೇಳುತ್ತಿದ್ದಳು."

ನನಗೂ ಸಿಟ್ಟು ಬಂತು. "ಹಾಗಾದರೆ ಕೇಳಿ ಅಜ್ಜ" ಎಂದು ತುಳುವಿನಲ್ಲಿ ಶುರುಮಾಡಿದೆ. ಆ ಸೀರೆ ಮಡಚಲು ಆಗುತ್ತಿಲ್ಲ ಎಂದು ಹೇಳಿದೆ. ಸೊಹಾರಿಗೆ ಹೋಗಲು ಮನಸ್ಸಿಲ್ಲ ಎಂದು ಹೇಳಿದೆ. ಅಲ್ಲಿ ಮಗಳಿದ್ದಾಳೆ, ಎಲ್ಲ ಉಂಟು, ಆದರೆ ಅಲ್ಲಿ ನನ್ನ ಹೆಂಡತಿ ಯಾವತ್ತಾದರೂ ಬೈದ ಜಾಗವೇ ಇಲ್ಲ, ನಾನು ಎಲ್ಲಿ ನಿಂತು ಅವಳನ್ನು ನೆನೆಯಲಿ ಎಂದು ಕೇಳಿದೆ. ಅಜ್ಜ ತಲೆಯಾಡಿಸಿ ಲೊಚಗುಟ್ಟಿ, ಮೊಣಕಾಲಿಗೆ ಮರಳಿದರು. ಅಲ್ಲಿಂದ ತಮ್ಮ ಹೆಂಡತಿ ಹಚ್ಚುತ್ತಿದ್ದ ಎಣ್ಣೆಯ ಮಾತಿಗೆ ಬಂದರು. ಅಷ್ಟು ಹೊತ್ತಿಗೆ ನನ್ನ ಕಣ್ಣಿನಿಂದ ನೀರು ಇಳಿಯುತ್ತಿತ್ತು. ಅವರ ಗಡ್ಡವೂ ಒದ್ದೆಯಾಗಿತ್ತು. ಬಿಸಿನೀರು ಕೇಳುವವರು ಯಾರೂ ಇರಲಿಲ್ಲ, ಹೊಟ್ಟೆತುಂಬ ಅತ್ತೆ.

ಮಗಳು ಯಾವಾಗ ಬಂದು ನಿಂತಳೋ ತಿಳಿಯಲಿಲ್ಲ. ಇಲ್ಲೇ ಹುಟ್ಟಿ ಬೆಳೆದವಳು, ಅವಳಿಗೂ ಎರಡೂ ಭಾಷೆ ಬರುತ್ತದೆ. ಸ್ವಲ್ಪ ಹೊತ್ತು ಇಬ್ಬರನ್ನೂ ಕೇಳಿಸಿಕೊಂಡು ಗಾಬರಿಯಾದಳು. "ಅಪ್ಪ, ನೀವು ಅಮ್ಮನ ಸೀರೆ ವಿಷಯ ಹೇಳ್ತಾ ಇದ್ದೀರಿ, ಅವರು ಮೊಣಕಾಲಿನ ಎಣ್ಣೆ ವಿಷಯ ಹೇಳ್ತಾ ಇದ್ದಾರೆ! ಅವರಿಗೆ ತುಳು ಬರುವುದಿಲ್ಲ ಅಪ್ಪ. ತಡೀರಿ, ನಾನು ಹೇಳ್ತೇನೆ..."

"ನೀನು ಎಂತಕ್ಕೆ ಮಧ್ಯೆ ಬರುವುದು?" ಅಂದೆ. "ನಾವು ಚೆಂದ ಮಾತಾಡ್ತಾ ಇದ್ದೇವೆ."

ಅವಳು ಒಂದು ಹೆಜ್ಜೆ ಹಿಂದೆ ಸರಿದಳು. ಅಮ್ಮನ ದನಿ ನನ್ನ ಬಾಯಿಂದ ಬಂದದ್ದು ಅವಳಿಗೆ ಗೊತ್ತಾಗಿರಬೇಕು. ಅಷ್ಟರಲ್ಲಿ ಬೆನ್ನಿಗೆ ದೊಡ್ಡ ಚೀಲ ಹೊತ್ತ, ಬಿಸಿಲಿಗೆ ಟೊಮೆಟೊ ಹಾಗೆ ಕೆಂಪಾದ ಪ್ರವಾಸಿಯೊಬ್ಬ ಒಳಗೆ ಬಂದು ಕೋಣೆ ಇದೆಯೇ ಎಂದು ಕೇಳಿದ. ಹೊರಗಿನ ಬೋರ್ಡಿನ ದೀಪ ಆರಿಸುವುದನ್ನು ನಾನು ಮರೆತಿದ್ದೆ. ಮಗಳು ನನ್ನ ಮುಖ ನೋಡಿದಳು, ಸೂಟ್‌ಕೇಸು ನೋಡಿದಳು. ಖಲಾಸ್ ಅನ್ನುತ್ತಾಳೆ ಎಂದುಕೊಂಡೆ. ಅವಳು ಕಾರಿನ ಕೀಲಿಕೈ ಕೌಂಟರಿನ ಮೇಲಿಟ್ಟು ಅದರ ಹಿಂದೆ ಹೋಗಿ ನಿಂತಳು.

"ಬೆಲ್ಲ ಎಲ್ಲಿದೆ ಅಪ್ಪ?"

"ಕೆಳಗಿನ ಖಾನೆಯಲ್ಲಿ ಉಂಟು. ತಿನ್ನುವ ತನಕ ಎದುರಿಗೇ ನಿಲ್ಲು" ಅಂದೆ. "ಇಲ್ಲದಿದ್ದರೆ ನಾಳೆ ಬೆನ್ನು ತೊಳೆಯಲಿಕ್ಕೆ ನೀನೇ ಹೋಗಬೇಕಾಗ್ತದೆ."