ಸರಕಾರ ವಾಪಸ್ ಕೇಳಿದ ಜೀಪು

ಮಿಲಿಟರಿಯವರ ಹಳೆ ಸಾಮಾನಿನ ಹರಾಜಿನಲ್ಲಿ ದೂಮಪ್ಪ ಗತ್ತಿಗೆಂದು ಒಂದು ಜೀಪು ಕೊಂಡದ್ದೇ ತಪ್ಪಾಯಿತು. ಅಂದಿನಿಂದ, ಅರಬರ ನಾಡಿನ ಬರ್ಕಾ ಪೇಟೆಯಲ್ಲಿ ಅವನಿದ್ದ ಬಿಲ್ಡಿಂಗಿನಲ್ಲಿ ಯಾರಿಗೆ ಹೆರಿಗೆ ನೋವು ಬಂದರೂ, ಯಾರ ಗ್ಯಾಸ್ ಮುಗಿದರೂ, ಯಾರ ಭಾವ ಊರಿಂದ ಬಂದಿಳಿದರೂ ಜನ ತಟ್ಟುತ್ತಿದ್ದದ್ದು ಅವನ ಬಾಗಿಲನ್ನೇ. ವಾರವಿಡೀ ರುಸೈಲಿನ ಫ್ಯಾಕ್ಟರಿಯೊಂದರ ಕೆಲಸಗಾರರ ಬಸ್ಸು ಓಡಿಸುವ ಪ್ರಾಣಿಗೆ ಶುಕ್ರವಾರದ ರಜೆಯಲ್ಲಿ ಉಂಡು ಮಲಗುವುದೇ ಸ್ವರ್ಗ. ಜೀಪು ಬಂದ ಮೇಲೆ ಅದೂ ಹೋಯಿತು. ಶುಕ್ರವಾರ ಬಂತೆಂದರೆ ಬಿಲ್ಡಿಂಗಿಗೆ ಬಿಲ್ಡಿಂಗೇ ಟೇಪ್ ರೆಕಾರ್ಡರ್ ಸಮೇತ ಜೀಪು ಹತ್ತಿ ಕೂರುತ್ತಿತ್ತು.

ಒಂದು ಗುರುವಾರ ಅರ್ಧ ದಿನದ ಕೆಲಸ ಮುಗಿಸಿ ಬಂದರೆ, ಕೆಳಗಿನ ಬಟ್ಟೆ ಅಂಗಡಿಯ ಇಬ್ರಾಹಿಂ ಕೈಯಲ್ಲಿ ಒಂದು ನೋಟೀಸು ಹಿಡಿದು ನಿಂತಿದ್ದ. ಬಿಲ್ಡಿಂಗಿನಲ್ಲಿ ಅರಬಿ ಬರುತ್ತಿದ್ದದ್ದು ಅವನೊಬ್ಬನಿಗೇ.

"ದೂಮಪ್ಪಣ್ಣ, ಘಾತವಾಯ್ತು! ಮಾರಿದ ಸಾಮಾನು ಪುನಃ ಬೇಕಾದ್ರೆ ಸರಕಾರ ವಾಪಸ್ ತಗೊಳ್ಳಬಹುದು ಅಂತ ಕಾನೂನುಂಟಂತೆ. ಜೀಪು ಕೊಂಡುಹೋಗ್ಲಿಕ್ಕೆ ಇವತ್ತೇ ಬರ್ತಾರಂತೆ."

ದೂಮಪ್ಪನಿಗೆ ಕುಣಿದಾಡುವಷ್ಟು ಖುಷಿಯಾಯಿತು. ಆದರೆ ಎದುರಿಗೆ ಇಬ್ರಾಹಿಂನ ಹೆಂಡತಿ ಐಶಮ್ಮ ಸಪ್ಪೆ ಮುಖ ಹಾಕಿಕೊಂಡು ನಿಂತಿದ್ದಳು. ನಾಳೆ ಅದೇ ಜೀಪಿನಲ್ಲಿ ಇಬ್ರಾ ಎಂಬ ಊರಿನಲ್ಲಿದ್ದ ತಮ್ಮನ ಮನೆಗೆ ಹೋಗುವುದೆಂದು ಆಕೆ ತಿಂಡಿಯನ್ನೂ ಕಟ್ಟಿಟ್ಟಿದ್ದಳು. ದೂಮಪ್ಪ ಖುಷಿಯನ್ನು ನುಂಗಿಕೊಂಡು, "ಎಂಥ ಮಾಡುದು ಇಬ್ರಾಹಿಮಾಕ, ಸರಕಾರದ ಕಾನೂನಲ್ವಾ?" ಎಂದ.

"ಕಾನೂನಿನ ಕಣ್ಣಿಗೆ ಜೀಪು ಬಿದ್ರೆ ತಾನೆ?" ಎಂದಳು ದೂಮಪ್ಪನ ಹೆಂಡತಿ ಸುಂದರಿ.

ಊಟ ಮಾಡಿ ಏಳುವಷ್ಟರಲ್ಲಿ ಜೀಪು ಕಾಣೆಯಾಗಿತ್ತು. ಮನೆಮನೆಯ ಹೊದಿಕೆ, ಸೀರೆ, ಲುಂಗಿಗಳೆಲ್ಲ ಅದರ ಮೇಲೆ ಒಣಗಲು ಬಿದ್ದಿದ್ದವು. ಸಾಲದೆಂದು ಐಶಮ್ಮ ಅವುಗಳ ಮೇಲೆ ಮೆಣಸಿನ ಹುಡಿಯನ್ನೂ ಹರವಿದ್ದಳು.

ಮಿಲಿಟರಿ ಆಫೀಸರರೊಬ್ಬರು ನಾಲ್ವರು ಸೈನಿಕರೊಂದಿಗೆ ಬಂದರು, ಅತ್ತಿತ್ತ ನೋಡಿದರು, ಒಗೆದ ಬಟ್ಟೆಯಲ್ಲದೆ ಏನೂ ಕಾಣದೆ ಹೊರಟು ನಿಂತರು. ಇನ್ನು ತಡೆದರೆ ನಿದ್ದೆ ಕೆಟ್ಟಂತೆಯೇ ಎಂದುಕೊಂಡ ದೂಮಪ್ಪ, "ಅಯ್ಯೋ, ಕಾಲು ಜಾರಿತು!" ಎನ್ನುತ್ತ ಹೊದಿಕೆಯ ತುದಿ ಹಿಡಿದು ಜಗ್ಗಿದ.

ಜೀಪೇನೋ ಕಂಡಿತು. ಆದರೆ ಮೆಣಸಿನ ಹುಡಿಯೂ ಎದ್ದಿತು. ಸುಂದರಿ, ಐಶಮ್ಮ, ಮಕ್ಕಳು ಎಲ್ಲರೂ ಬಳಬಳ ಕಣ್ಣೀರು ಸುರಿಸತೊಡಗಿದರು. ಎಲ್ಲರಿಗಿಂತ ಹೆಚ್ಚು ಅತ್ತವನು ದೂಮಪ್ಪ. ಆಫೀಸರರು ಕರಗಿ ಹೋಗಿ ಅವನ ಹೆಗಲ ಮೇಲೆ ಕೈಯಿಟ್ಟು ಏನೋ ಕೇಳಿದರು.

"ಜೀಪಿನ ಮೇಲೆ ಇಷ್ಟು ಪ್ರೀತಿಯಾ ಅಂತ ಕೇಳ್ತಾರೆ," ಎಂದ ಇಬ್ರಾಹಿಂ.

"ಎಂಥ ಪ್ರೀತಿಯೂ ಇಲ್ಲ! ತಗೊಂಡು ಹೋಗ್ಲಿಕ್ಕೆ ಹೇಳಿ ಮಾರಾಯ್ರೆ, ನಂಗೆ ಸಂತೋಷವೇ ಅನ್ನಿ!"

ಇಬ್ರಾಹಿಂ ಎದೆ ಮುಟ್ಟಿಕೊಂಡು, ಒಂದೊಂದೇ ಮಗುವನ್ನು ತೋರಿಸುತ್ತ ಬಹಳ ಹೊತ್ತು ಮಾತಾಡಿದ. ಇಷ್ಟು ಸಣ್ಣ ಮಾತಿಗೆ ಇಷ್ಟುದ್ದದ ಅರಬಿಯೇ ಎಂದು ದೂಮಪ್ಪನಿಗೆ ಆಶ್ಚರ್ಯವಾಯಿತು. ಕೊನೆಗೆ ಆಫೀಸರರು ಮೂಗು ಒರೆಸಿಕೊಂಡು, "ಖಲಾಸ್!" ಎಂದರು. ಮುಗಿಯಿತು! ಅದೊಂದು ಶಬ್ದ ದೂಮಪ್ಪನಿಗೆ ಚೆನ್ನಾಗಿ ಗೊತ್ತಿತ್ತು. ಎಂದಿನಂತೆ ತಳ್ಳದೆ ಜೀಪು ಹೊರಡಲಿಲ್ಲ. ಈ ಸಲ ತಳ್ಳಿದವರು ಸೈನಿಕರು. ಅದು ತಿರುವು ದಾಟುವ ತನಕ ದೂಮಪ್ಪ ನಿಂತು ಸಲಾಂ ಹೊಡೆದ.

"ಶನಿವಾರದವರೆಗೆ ಎಬ್ಬಿಸಬೇಡ," ಎಂದು ಸುಂದರಿಗೆ ಹೇಳಿ ಚಾಪೆ ಬಿಡಿಸಿದ. ಎಷ್ಟೋ ದಿನಗಳ ಮೇಲೆ ಆನಂದವಾಗಿ ಗೊರಕೆ ಹೊಡೆದ.

ಸಂಜೆ ಹಾರ್ನಿನ ಸದ್ದಿಗೆ ಎಚ್ಚರವಾಯಿತು. ಕೆಳಗೆ ಚಪ್ಪಾಳೆ, ಗದ್ದಲ. ಕಿಟಕಿಯಿಂದ ಇಣುಕಿದರೆ ಮಿಲಿಟರಿ ಹಸಿರಿನ ಒಂದು ದೊಡ್ಡ ಬಸ್ಸು ನಿಂತಿತ್ತು. ಸುಂದರಿ ಆಗಲೇ ಮುಂದಿನ ಸೀಟು ಹಿಡಿದು ಕೂತಿದ್ದಳು.

"ಇಳಿದು ಬನ್ನಿ ದೂಮಪ್ಪಣ್ಣ!" ಇಬ್ರಾಹಿಂ ಕೂಗಿದ. "ದುಡ್ಡು ಬೇಕಾ, ಬದಲಿ ಗಾಡಿ ಬೇಕಾ ಅಂತ ಕೇಳಿದ್ರು. ನಿಮ್ಮ ಕಣ್ಣೀರು ನೋಡ್ಲಿಕ್ಕಾಗ್ದೆ, ಗಾಡಿಯೇ ಆಗ್ಬೇಕು, ದೊಡ್ಡದಾಗ್ಬೇಕು ಅಂದೆ. ನಾಳೆ ಪಕ್ಕದ ಬಿಲ್ಡಿಂಗಿನವರೂ ಬರ್ತಾರೆ!"

ಆದರೂ ದೂಮಪ್ಪನಲ್ಲಿ ಒಂದು ಆಸೆ ಮಿಣುಕಿತು. "ಇದನ್ನೂ ಸರಕಾರ ವಾಪಸ್ ಕೇಳ್ಬಹುದಲ್ವಾ ಇಬ್ರಾಹಿಮಾಕ?"

"ನೀವೆಂಥ ಹೆದರುದು?" ಇಬ್ರಾಹಿಂ ಒಂದು ಕಾಗದ ಎತ್ತಿ ಬೀಸಿದ. "ನೀವು ಬದುಕಿರುವವರೆಗೆ ಕೇಳುದಿಲ್ಲ ಅಂತ ಆಫೀಸರಿಂದ ಬರೆಸಿಕೊಂಡಿದ್ದೇನೆ!"