ದೊಡ್ಡಪ್ಪನ ಎರಡು ಬದಿಯ ಟೀವಿ

ನಮ್ಮ ದೊಡ್ಡಪ್ಪ ಇಪ್ಪತ್ತೊಂದನೆಯ ಶತಮಾನವನ್ನು ಹನ್ನೆರಡು ಹದಿಮೂರು ವರ್ಷ ಮೊದಲೇ ಗೋವಾದ ಕುಡಚಡೆಗೆ ತಂದು, ನಮ್ಮ ಮನೆಯ ಮುಂದಿನ ಕಟ್ಟೆಯ ಮೇಲೆ ಇಟ್ಟಿದ್ದ. ನಗಬೇಡಿ! ನಗುವುದಾದರೆ ಪೂರ್ತಿ ಕೇಳಿ ನಗಿ. ಈ ಕತೆಯನ್ನು ನಾನು ಮದುವೆ ಮನೆಗಳಲ್ಲಿ, ಆಫೀಸಿನ ಊಟದ ಹೊತ್ತಿನಲ್ಲಿ ಎಷ್ಟೋ ಸಲ ಹೇಳಿ ಎಲ್ಲರನ್ನೂ ಹೊಟ್ಟೆ ಹಿಡಿದುಕೊಂಡು ನಗುವಂತೆ ಮಾಡಿದ್ದೇನೆ. ಆದರೆ ಪ್ರತಿ ಸಲವೂ ಒಂದು ಜಾಗಕ್ಕೆ ಬಂದಾಗ ನಿಲ್ಲಿಸಿ, ಏನೋ ಕೆಲಸ ನೆನಪಾದವಳ ಹಾಗೆ ಎದ್ದುಬಿಟ್ಟಿದ್ದೇನೆ. ಇವತ್ತು ಆ ಜಾಗ ದಾಟಿಯೇ ಬರೆಯಬೇಕೆಂದು ಕೂತಿದ್ದೇನೆ. ನಾಚಿಕೆಯಾಗುತ್ತದೆ. ಆಗಲಿ.

ದೊಡ್ಡಪ್ಪ ನಮ್ಮಪ್ಪನ ಅಣ್ಣ. ವಿಜಾಪುರದ ಕಡೆಯಿಂದ ಗೋವಾಕ್ಕೆ ಬಂದು, ಅದಿರು ಸಾಗಿಸುವ ಲಾರಿಗಳ ಗ್ಯಾರೇಜಿನಲ್ಲಿ ವೈರಿಂಗ್ ಕೆಲಸ ಮಾಡುತ್ತಿದ್ದ. ಅಪ್ಪ ಅಂಥದೇ ಒಂದು ಲಾರಿಯ ಡ್ರೈವರ್. ದೊಡ್ಡವ್ವ ತೀರಿಕೊಂಡಿದ್ದಳು, ಮಕ್ಕಳಿರಲಿಲ್ಲ, ಹಾಗಾಗಿ ದೊಡ್ಡಪ್ಪ ತಮ್ಮನ ಸಂಸಾರದಲ್ಲೇ ಉಳಿದುಬಿಟ್ಟ. ನಮ್ಮದು ರೈಲು ಹಳಿಯ ಪಕ್ಕದ ತಗಡಿನ ಮನೆ. ಒಂದೇ ಕೋಣೆ, ನಡುವೆ ಹಳೆಯ ಸೀರೆಯ ಪರದೆ, ಎಲ್ಲದರ ಮೇಲೂ ಅದಿರಿನ ಕೆಂಪು ಧೂಳು.

ಈ ಮನುಷ್ಯನಿಗೆ ಯಾವ ವಸ್ತು ಕಂಡರೂ ಅದು ಎರಡು ಸಾವಿರನೆಯ ಇಸವಿಯಲ್ಲಿ ಹೇಗಿರುತ್ತದೆ ಎಂಬುದೇ ಚಿಂತೆ. “ಎರಡ ಸಾವಿರನೇ ಇಸ್ವಿಯೊಳಗ ಚಪ್ಪಲಿಗಿ ಇಂಡಿಕೇಟರ್ ಬರ್ತಾವ ನೋಡವಾ” ಎನ್ನುತ್ತಿದ್ದ. ಬರೀ ಅಂದು ಬಿಡುವ ಪೈಕಿಯೂ ಅಲ್ಲ. ಒಂದು ಮಳೆಗಾಲ ತನ್ನ ಕನ್ನಡಕಕ್ಕೆ ಪುಟ್ಟ ವೈಪರ್ ಕೂಡಿಸಿಕೊಂಡ! ವೈಪರೇನೋ ಚೆನ್ನಾಗಿಯೇ ಆಡಿತು, ಆದರೆ ಅದರ ಭಾರಕ್ಕೆ ಮೂಗು ಒಂದು ವಾರ ಬದನೆಕಾಯಿಯ ಹಾಗೆ ಊದಿಕೊಂಡಿತ್ತು. ಕೇಳಿದವರಿಗೆಲ್ಲ, “ಮೂಗು ಹಳೇ ಮಾಡೆಲ್ ಐತ್ರಿ” ಎಂದು ಹೇಳಿಕೊಂಡು ತಿರುಗಿದ.

ಇಂಥವನು ಮನೆಯೊಳಗೆ ಮಾತ್ರ ಬೇರೆಯೇ ಶತಮಾನದಲ್ಲಿ ಬದುಕುತ್ತಿದ್ದ. ನಮ್ಮ ಕಡೆ ಗಂಡನ ಅಣ್ಣನೆದುರು ತಮ್ಮನ ಹೆಂಡತಿ ಬರುವಂತಿಲ್ಲ, ಮುಖ ತೋರಿಸುವಂತಿಲ್ಲ, ಮಾತಂತೂ ಇಲ್ಲವೇ ಇಲ್ಲ. ಊರಲ್ಲಿ ಹತ್ತು ಅಂಕಣದ ಮನೆಗೆ ಈ ಪದ್ಧತಿ ಸರಿಯಿದ್ದೀತು. ಒಂದೇ ಕೋಣೆಯಲ್ಲಿ? ಅವ್ವ ಮದುವೆಯಾಗಿ ಬಂದು ಹದಿನೈದು ವರ್ಷವಾದರೂ ದೊಡ್ಡಪ್ಪ ಅವಳ ಮುಖವನ್ನು ನೆಟ್ಟಗೆ ನೋಡಿರಲಿಲ್ಲ, ಅವಳು ಅವನ ಮುಖ ನೋಡಿರಲಿಲ್ಲ. ಮಾತೆಲ್ಲ ನನ್ನ ಮೂಲಕ.

ಅವ್ವ ಪರದೆಯ ಹಿಂದಿನಿಂದ, “ನಿಮ್ಮ ದೊಡ್ಡಪ್ಪಗ ಕೇಳು, ಸಾರಿಗಿ ಉಪ್ಪ ಸರಿ ಐತೇನಂತ” ಎನ್ನುವಳು. ಮೂರಡಿ ದೂರದಲ್ಲಿ ಉಣ್ಣುತ್ತ ಕೂತ ದೊಡ್ಡಪ್ಪ, “ನಿಮ್ಮವ್ವಗ ಹೇಳು, ಬರೋಬ್ಬರಿ ಐತಂತ” ಎನ್ನುವನು. ನಾನು ಬಾಯಿ ತೆರೆಯುವುದರೊಳಗೆ ವ್ಯವಹಾರ ಮುಗಿದಿರುತ್ತಿತ್ತು. ಆದರೂ ನಾನು ಅಲ್ಲಿ ಇರಲೇಬೇಕು! ಶಾಲೆಗೆ ಹೋದಾಗ ನನ್ನ ಕೆಲಸವನ್ನು ಸ್ಟೋವಿಗೆ ವಹಿಸಲಾಗಿತ್ತು. ಅವ್ವ ಸ್ಟೋವಿನ ಕಡೆ ತಿರುಗಿ, “ಯಾರಿಗರೆ ಚಾ ಬೇಕೇನೋ” ಎನ್ನುವಳು, ದೊಡ್ಡಪ್ಪ ಬಾಗಿಲ ಚಿಲಕಕ್ಕೆ, “ಕುಡದ್ರ ಚಲೋನ” ಎಂದು ಹೇಳುವನು.

ಅವನು ಮನೆಗೆ ಬರುವಾಗ ಹೊಸ್ತಿಲಲ್ಲಿ ನಿಂತು ಕೆಮ್ಮಬೇಕು, ಕೆಮ್ಮು ಕೇಳಿದೊಡನೆ ಅವ್ವ ಪರದೆಯ ಹಿಂದೆ ಓಡಬೇಕು. ಒಂದು ಸಲ ಅವನಿಗೆ ನಿಜವಾಗಿಯೇ ಕೆಮ್ಮು ಹತ್ತಿತು ನೋಡಿ! ಕಟ್ಟೆಯ ಮೇಲೆ ಮಲಗಿ ದಿನವಿಡೀ ಖೊಕ್ ಖೊಕ್ ಎಂದು ಕೆಮ್ಮಿದ. ಒಳಗೆ ಅವ್ವ ಹಿಟ್ಟಿನ ಕೈಯಲ್ಲಿ ದಿನವಿಡೀ ಒಲೆಯಿಂದ ಪರದೆಗೆ, ಪರದೆಯಿಂದ ಒಲೆಗೆ ಓಡಾಡಿದಳು. ಸಂಜೆ ಹೊತ್ತಿಗೆ ಅವನ ಕೆಮ್ಮು ಇಳಿದಿತ್ತು, ಅವಳ ಮೊಣಕಾಲು ಹಿಡಿದಿತ್ತು.

ಆಗ ನಮ್ಮ ಓಣಿಯ ಕಿರಾಣಿ ಅಂಗಡಿಗೆ ಟೀವಿ ಬಂದಿತ್ತು. ಭಾನುವಾರ ಬೆಳಿಗ್ಗೆ ಇಡೀ ಓಣಿ ಅದರ ಮುಂದೆ ಕೂರುತ್ತಿತ್ತು. ನಮ್ಮ ದೊಡ್ಡಪ್ಪ ಮಾತ್ರ ಟೀವಿಗೆ ಬೆನ್ನು ಹಾಕಿ ಮಂದಿಯನ್ನು ನೋಡುತ್ತಿದ್ದ. ಒಂದು ದಿನ ಮನೆಗೆ ಬಂದವನೇ ನನಗೆ ಹೇಳಿದ:

“ನೋಡವಾ, ಐವತ್ತ ಮಂದಿ ಒಂದ ಕಡೆ ಮಾರಿ ಮಾಡಿ ಕುಂತಾರ. ಒಬ್ರ ಮಾರಿ ಒಬ್ರು ನೋಡವಲ್ರು. ಮಡ್ಕಯಿ ಫ್ಯಾಕ್ಟರಿಯೊಳಗ ದುಡಿಯೋರು ದಿನಾ ಮಿಷನ್ ಮಾರಿ ನೋಡತಾರ. ಪರ್ವರಿಯೊಳಗ ಮನಿ ಕಟ್ಟೋರು ಗ್ವಾಡಿ ಮಾರಿ ನೋಡತಾರ. ಮನಷ್ಯಾನ ಮಾರಿ ನೋಡೋರು ಯಾರು?”

ಮಾರಿ ಎಂದರೆ ನಮ್ಮಲ್ಲಿ ಮುಖ, ಗ್ವಾಡಿ ಎಂದರೆ ಗೋಡೆ. ಅದೇ ಮಳೆಗಾಲದಲ್ಲಿ ಸಿಡಿಲು ಬಡಿದು ಅಂಗಡಿಯ ಟೀವಿ ಸತ್ತಿತು. ಓಣಿ ಅತ್ತಿತು, ದೊಡ್ಡಪ್ಪ ಒಳಗೊಳಗೇ ಕುಣಿದ. ಅದರ ಮರದ ಪೆಟ್ಟಿಗೆಯನ್ನು ಕೇಳಿ ಹೊತ್ತು ತಂದು, ಗಾಜು, ತಂತಿ ಎಲ್ಲ ಕಿತ್ತು, ಹಿಂದೆ ಮುಂದೆ ಎರಡೂ ಕಡೆ ಬಾಯಿ ತೆರೆದ. ನಡುವೆ ಒಂದು ತಗಡು. ತಗಡನ್ನು ಮೇಲೆ ಕೆಳಗೆ ಎಳೆಯಲು ಲಾರಿಯ ವೈಪರ್ ಮೋಟಾರು, ಅದಕ್ಕೆ ಲಾರಿಯ ಬ್ಯಾಟರಿ, ಎರಡೂ ಬದಿಗೆ ಒಂದೊಂದು ಹಾರ್ನ್ ಬಟನ್. ಈ ಬದಿ ಒಬ್ಬರು, ಆ ಬದಿ ಒಬ್ಬರು ಕೂರಬೇಕು. ಇಬ್ಬರೂ ಒಟ್ಟಿಗೆ ಬಟನ್ ಒತ್ತಿದರೆ ಮಾತ್ರ ತಗಡು ಏಳುತ್ತದೆ, ಟೀವಿಯಲ್ಲಿ ಕಾಣಿಸುತ್ತದೆ... ಏನು? ಎದುರಿಗೆ ಕೂತವರ ಮುಖ! ಮುಂದೆ ಇಂಥದೊಂದನ್ನು ರೈಲು ನಿಲ್ದಾಣಕ್ಕೆ, ಬಸ್ ಸ್ಟ್ಯಾಂಡಿಗೆ, ಒಂಟಿಯಾಗಿ ದುಡಿಯುವ ಮಂದಿ ಇರುವಲ್ಲೆಲ್ಲ ಇಡುವುದೆಂದು ಅವನ ಯೋಜನೆ.

“ದೊಡ್ಡಪ್ಪಾ, ಎದುರಾ ಬದುರಾ ಕುಂತ ಮ್ಯಾಲೆ ಡಬ್ಬಿ ಯಾಕ ಬೇಕು? ಹಂಗ ನೋಡಬಹುದಲ್ಲ!” ಎಂದೆ.

“ಹಂಗ ನೋಡೂ ಮಂದಿ ಇದ್ರ ಇಷ್ಟ ದಿನಾ ನೋಡತಿದ್ದಿಲ್ಲೇನ? ಡಬ್ಬಿ ಇಟ್ಟರ ನೋಡತಾರವಾ.”

ಒಂದು ತೊಡಕಿತ್ತು. ವೈಪರ್ ಮೋಟಾರು ತನ್ನ ಹುಟ್ಟುಗುಣ ಬಿಡಲಿಲ್ಲ. ತಗಡು ಮೇಲೆ ಹೋದದ್ದು ಅಲ್ಲೇ ನಿಲ್ಲದೆ ಮತ್ತೆ ಇಳಿಯುತ್ತಿತ್ತು, ಮತ್ತೆ ಏರುತ್ತಿತ್ತು. ಒಂದು, ಎರಡು, ಮೂರು ಎಣಿಸುವಷ್ಟು ಹೊತ್ತು ಮುಖ, ಅಷ್ಟೇ ಹೊತ್ತು ತಗಡು. ನಾನು ನಕ್ಕೆ. ಅವನು ನಗಲಿಲ್ಲ. “ಮನಷ್ಯಾಗ ನಾಚಿಕಿ ಇರತೈತಿ. ಒಮ್ಮಿಗೆ ಪೂರಾ ನೋಡಾಕ ಆಗೂದಿಲ್ಲ. ಚೂರ ನೋಡು, ಚೂರ ಸುಧಾರಿಸ್ಕೋ” ಎಂದ.

ಮೊದಲ ಪ್ರಯೋಗಕ್ಕೆ ಸಿಕ್ಕವರು ಓಣಿಯ ಇಬ್ಬರು ಹೆಂಗಸರು. ನಲ್ಲಿಯ ನೀರಿಗಾಗಿ ಜಗಳವಾಡಿ ಎರಡು ವರ್ಷದಿಂದ ಮಾತು ಬಿಟ್ಟವರು. ಟೀವಿ ರಿಪೇರಿಯಾಗಿದೆ ಎಂದು ಸುಳ್ಳು ಹೇಳಿ ಇಬ್ಬರನ್ನೂ ಆಚೆ ಈಚೆ ಕೂಡಿಸಿದ. ತಗಡು ಎದ್ದಿತು. ಎರಡು ವರ್ಷದ ಹಿಂದೆ ಎಲ್ಲಿಗೆ ನಿಂತಿತ್ತೋ ಅಲ್ಲಿಂದಲೇ ಜಗಳ ಶುರುವಾಯಿತು! ತಗಡು ಇಳಿದಾಗ ಉಸಿರು ತೆಗೆದುಕೊಳ್ಳುವುದು, ಏರಿದಾಗ ಬೈಯುವುದು. ಓಣಿಯೆಲ್ಲ ಬಿದ್ದು ಬಿದ್ದು ನಕ್ಕಿತು. ದೊಡ್ಡಪ್ಪನ ಮುಖ ಮಾತ್ರ ಹಬ್ಬದ ಹಾಗಿತ್ತು. “ಮಾತು ಸುರು ಆತಲ್ಲ! ಆತಲ್ಲ!” ಎಂದು ತೊಡೆ ತಟ್ಟಿಕೊಂಡ.

ನಾನು ಸಾಮಾನ್ಯವಾಗಿ ಕತೆ ನಿಲ್ಲಿಸುವುದು ಇಲ್ಲಿ.

ಆಗ ನಾನು ಒಂಬತ್ತನೆಯ ತರಗತಿಯಲ್ಲಿದ್ದೆ. ಶಾಲೆಯಲ್ಲಿ ವಿಜ್ಞಾನ ಪ್ರದರ್ಶನ. ಮನೆಯ ಹಿರಿಯರು ಏನಾದರೂ ಮಾಡಿದ್ದರೆ ತರಬಹುದು ಎಂದು ಟೀಚರ್ ಚೀಟಿ ಕೊಟ್ಟಿದ್ದರು. ಆ ಚೀಟಿಯನ್ನು ನಾನು ಮನೆಯಲ್ಲಿ ತೋರಿಸಲೇ ಇಲ್ಲ. ಬೇಕೆಂದೇ ಅಡಗಿಸಿಟ್ಟೆ. ಡಾಕ್ಟರ ಮಗಳ ಜೊತೆ ಸೇರಿ ಜ್ವಾಲಾಮುಖಿಯ ಮಾದರಿ ಮಾಡಿದ್ದೆ. ಅವಳ ಗೆಳೆತನಕ್ಕಾಗಿ ಒಂದು ವರ್ಷ ಕಷ್ಟಪಟ್ಟಿದ್ದೆ. ಮನೆ ಎಲ್ಲಿ ಎಂದು ಕೇಳಿದರೆ ಸ್ಟೇಷನ್ ಹತ್ತಿರ ಎಂದಷ್ಟೇ ಹೇಳುತ್ತಿದ್ದೆ. ಕನ್ನಡ ಬರುತ್ತದೆಂದೂ ಹೇಳಿರಲಿಲ್ಲ.

ಆದರೆ ಚೀಟಿ ನನಗೊಬ್ಬಳಿಗೇ ಕೊಟ್ಟಿದ್ದರೇ? ನಲ್ಲಿ ಜಗಳದ ಹೆಂಗಸರಲ್ಲಿ ಒಬ್ಬಳ ಮಗಳೂ ಅದೇ ಶಾಲೆ. ದೊಡ್ಡಪ್ಪನಿಗೆ ಸುದ್ದಿ ಮುಟ್ಟಿತು. ಪ್ರದರ್ಶನದ ದಿನ ಕೈಗಾಡಿಯ ಮೇಲೆ ಟೀವಿ ಹೇರಿಕೊಂಡು, ಅಪ್ಪನ ಇಸ್ತ್ರಿ ಅಂಗಿ ತೊಟ್ಟು, ತಲೆಗೆ ಎಣ್ಣೆ ಹಚ್ಚಿಕೊಂಡು ಬಂದೇಬಿಟ್ಟ. ಎಷ್ಟು ತಿಕ್ಕಿ ಸ್ನಾನ ಮಾಡಿದ್ದರೂ ಕಿವಿಯ ಸಂದಿಯಲ್ಲಿ ಅದಿರಿನ ಕೆಂಪು ಉಳಿದಿತ್ತು. ವರಾಂಡದ ಮೂಲೆಯಲ್ಲಿ, ಕುಡಿಯುವ ನೀರಿನ ಡ್ರಮ್ಮಿನ ಪಕ್ಕ ಅವನಿಗೆ ಜಾಗ ಕೊಟ್ಟರು. ಪೆಟ್ಟಿಗೆಯ ಮೇಲೆ ರಟ್ಟಿನ ಬೋರ್ಡು: “ಒಬ್ಬರೇ ಬರಬ್ಯಾಡ್ರಿ”. ಅದೂ ಕನ್ನಡದಲ್ಲಿ! ಆ ಶಾಲೆಯಲ್ಲಿ ಕನ್ನಡ ಓದಲು ಬರುತ್ತಿದ್ದುದು ನನಗೊಬ್ಬಳಿಗೇ. ಕಲಿಸಿದವನೂ ಅವನೇ.

ಡಾಕ್ಟರ ಮಗಳು ನಗು ತಡೆಯುತ್ತ ಕೇಳಿದಳು, “ತೋ ಕೋಣ ಗೋ?” ಯಾರೇ ಅವನು? ನಾನು ಕೇಳಿಸದವಳಂತೆ ಜ್ವಾಲಾಮುಖಿಗೆ ಕೆಂಪು ಬಣ್ಣ ಸುರಿದೆ.

ದೊಡ್ಡಪ್ಪ ತನ್ನ ಬದಿಯ ಬಟನ್ ಮೇಲೆ ಬೆರಳಿಟ್ಟು ಕೂತಿದ್ದ. ಮಂದಿ ಬಂದು, ಮುಚ್ಚಿದ ತಗಡು ನೋಡಿ, ನೀರು ಕುಡಿದು ಹೋಗುತ್ತಿದ್ದರು. ಒಂದು ತಾಸಾಯಿತು. ಎದುರಿನ ಸ್ಟೂಲಿನಲ್ಲಿ ಯಾರೂ ಕೂರಲಿಲ್ಲ. ಕೊನೆಗೆ ನಮ್ಮ ಟೀಚರ್ ಬಂದು ನಿಂತು, ಇದೇನೆಂದು ಕೇಳಿದರು. ತನ್ನ ಹರಕು ಮುರುಕು ಕೊಂಕಣಿಯಲ್ಲಿ ವಿವರಿಸಲಾಗದೆ ಬೆವರುತ್ತಿದ್ದ ದೊಡ್ಡಪ್ಪನಿಗೆ ನಾನು ಕಂಡೆ.

“ಬಾರವಾ ಕೂಸ! ನೀನರ ಕುಂದ್ರ ಬಾ, ಟೀಚರ್‌ಗ ತೋರಸೂನು!”

ವರಾಂಡದಲ್ಲಿದ್ದವರೆಲ್ಲ ನನ್ನ ಕಡೆ ತಿರುಗಿದರು. ಟೀಚರ್ ಕೇಳಿದರು, ಇವರು ನಿನಗೆ ಗೊತ್ತಾ?

“ನಾ ಟೀಚರ್, ವಳಖನಾ” ಎಂದೆ. ಇಲ್ಲ ಟೀಚರ್, ಗುರುತಿಲ್ಲ.

ಕೊಂಕಣಿಯಲ್ಲಿ ಅವನಿಗೆ ಬೇರೆ ಹೆಚ್ಚೇನೂ ಬರದಿದ್ದರೂ ಅಷ್ಟು ಅರ್ಥವಾಗುತ್ತಿತ್ತು. ಕನ್ನಡಕ ಸರಿಮಾಡಿಕೊಂಡು ನನ್ನನ್ನು ನೋಡಿದ. ಆಮೇಲೆ ಟೀಚರಿಗೆ ಕೈ ಮುಗಿದು, ಹೌದು, ಈ ಹುಡುಗಿ ನನಗೂ ಗೊತ್ತಿಲ್ಲ, ನಮ್ಮ ಕಡೆಯವಳಂತೆ ಕಂಡಳು, ಅದಕ್ಕೆ ಕರೆದೆ ಎಂದು ಹೇಗೋ ಹೇಳಿದ. ನನ್ನ ಸುಳ್ಳು ಗಟ್ಟಿಯಾಗಲೆಂದೋ ಏನೋ, ನನ್ನ ಕಡೆ ತಿರುಗಿ ಕನ್ನಡದಲ್ಲಿ ಹೇಳಿದ:

“ತಪ್ಪ ತಿಳೀಬ್ಯಾಡ್ರಿ ಬಾಯಾರ. ನೀವು ಹೋಗ್ರಿ.”

ಹುಟ್ಟಿದಾಗಿನಿಂದ ನನ್ನನ್ನು ಕೂಸ ಎಂದೇ ಕರೆದವನು ನನಗೆ ಬಹುವಚನ ಹಚ್ಚಿದ. ನಾನು ಹೋದೆ. ಹೋಗಿ ಜ್ವಾಲಾಮುಖಿಯ ಪಕ್ಕ ನಿಂತೆ. ನಮಗೆ ಎರಡನೆಯ ಬಹುಮಾನ ಬಂತು.

ನಾನು ಮನೆ ಮುಟ್ಟುವುದರೊಳಗೆ ಸುದ್ದಿ ಮುಟ್ಟಿತ್ತು. ಅವ್ವ ಬಾಗಿಲಲ್ಲೇ ಜಡೆ ಹಿಡಿದಳು. “ಏನಂದಿ? ದೊಡ್ಡಪ್ಪನ ಗುರ್ತಿಲ್ಲ ಅಂದ್ಯಾ? ನೀ ಸಣ್ಣಾಕಿದ್ದಾಗ ನಿಮ್ಮಪ್ಪ ಲಾರಿ ಮ್ಯಾಲೆ ಹೋದ್ರ ನಿನ್ನ ದವಾಖಾನಿಗಿ ಹೊತಗೊಂಡ ಓಡಿದಾವ ಯಾರು?” ಎರಡು ಏಟು ಬಿದ್ದವು. ಮೂರನೆಯದಕ್ಕೆ ಕೈ ಎತ್ತಿದಾಗ ಹೊರಗೆ ಕೈಗಾಡಿ ನಿಂತ ಸದ್ದಾಯಿತು, ಹಿಂದೆಯೇ ಕೆಮ್ಮು.

ಅವ್ವ ಪರದೆಯ ಹಿಂದೆ ಓಡಲಿಲ್ಲ. ಎತ್ತಿದ ಕೈ ಇಳಿಸಿ ನನ್ನ ಜಡೆ ಬಿಟ್ಟಳು. ಹೊರಗೆ ದೊಡ್ಡಪ್ಪ ಟೀವಿಯನ್ನು ಕಟ್ಟೆಯ ಮೇಲಿಟ್ಟು ಅದರ ಹಿಂದೆ ಕೂತ. ಅವ್ವ ಸೆರಗನ್ನು ಗದ್ದದವರೆಗೆ ಎಳೆದುಕೊಂಡು ಹೊರಗೆ ಹೋಗಿ, ಪೆಟ್ಟಿಗೆಯ ಈಚೆ ಬದಿಯಲ್ಲಿ ಕೂತು ಬಟನ್ ಒತ್ತಿದಳು. ಓಣಿಯ ಹೆಂಗಸರು ಕೊಡ ಹಿಡಿದವರು ಹಿಡಿದ ಹಾಗೇ ನಿಂತರು. ಆಚೆ ಬದಿಯಲ್ಲಿ ಬಹಳ ಹೊತ್ತು ಏನೂ ಆಗಲಿಲ್ಲ. ಆಮೇಲೆ ಮೋಟಾರು ಗುಂಯ್ ಎಂದಿತು.

ತಗಡು ಎದ್ದಾಗ ಸೆರಗು ಗದ್ದದ ಮೇಲಿತ್ತು. ಇಳಿದು ಮತ್ತೆ ಎದ್ದಾಗ ಮೂಗಿನ ಮೇಲೆ. ಮೂರನೆಯ ಸಲ ಎದ್ದಾಗ ಅವ್ವ ಅದನ್ನು ಹಣೆಗೆ ಸರಿಸಿದ್ದಳು.

“ಭಾವಾರ” ಎಂದಳು. ತಗಡು ಇಳಿಯಿತು. ಎದ್ದಿತು. “ನಮ್ಮ ಹುಡಿಗಿ...” ಮತ್ತೆ ಇಳಿಯಿತು. ಮುಂದಿನ ಸಲ ಅದು ಎದ್ದಾಗ ಅವಳು ಅಳುತ್ತಿದ್ದಳು. ದೊಡ್ಡಪ್ಪನೇ ಮಾತಾಡಿದ. ಹದಿನೈದು ವರ್ಷದಲ್ಲಿ ಅವಳಿಗೆ ನೇರವಾಗಿ ಆಡಿದ ಮೊದಲ ಮಾತು ಅದು.

“ಕೂಸಿಗಿ ಹೊಡೀಬ್ಯಾಡ ತಂಗೆವ್ವಾ. ನಾ ಅದರ ವಯಸ್ಸಿನ್ಯಾಗ ಇದ್ದಾಗ ನಮ್ಮಪ್ಪ ಹರಕ ಧೋತರ ಉಟ್ಟು ಸಾಲಿಗಿ ಬಂದಿದ್ದ. ನಾನೂ ಗ್ವಾಡಿ ಹಿಂದ ಅಡಗಿ ಕುಂತಿದ್ದೆ.”

ಅವ್ವ ಎದ್ದು ಒಳಗೆ ಬಂದಳು. ಹೊಡೆಯಲಿಲ್ಲ, ಬೈಯಲಿಲ್ಲ. ನನ್ನ ರಟ್ಟೆ ಹಿಡಿದು ಕರೆದೊಯ್ದು ತಾನು ಕೂತ ಜಾಗದಲ್ಲೇ ಕೂಡಿಸಿದಳು.

ತಲೆ ತಗ್ಗಿಸಿಕೊಂಡೇ ನಾನು ಬಟನ್ ಒತ್ತಿದೆ. ತಗಡು ಏಳಲಿಲ್ಲ. ಇನ್ನೊಮ್ಮೆ ಒತ್ತಿದೆ. ಏಳಲಿಲ್ಲ. ಪೆಟ್ಟಿಗೆಯ ಕೆಳಗಿನ ಸಂದಿಯಿಂದ ನೋಡಿದರೆ ಆಚೆ ಬದಿಯ ಬಟನ್ ಮೇಲೆ ಅವನ ಬೆರಳೇ ಇರಲಿಲ್ಲ. ಎರಡೂ ಕೈಗಳನ್ನು ಮೊಣಕಾಲ ಮೇಲಿಟ್ಟುಕೊಂಡು ಕೂತಿದ್ದ. ನಾನು ಗಟ್ಟಿಯಾಗಿಯೇ ಅತ್ತೆ. ಮುಚ್ಚಿದ ತಗಡಿನ ಆಚೆಯಿಂದ ಅವನು ಸ್ಕ್ರೂಡ್ರೈವರಿನಲ್ಲಿ ಏನೋ ತಿರುವುವಂತೆ ಸದ್ದು ಮಾಡತೊಡಗಿದ. ತನ್ನ ಯಂತ್ರ ಕೆಟ್ಟಿದೆ ಎಂದು ದೊಡ್ಡಪ್ಪ ಒಪ್ಪಿಕೊಂಡದ್ದು ಜನ್ಮದಲ್ಲಿ ಅದೊಂದೇ ಸಲ.

“ವೈರ್ ಕಡದಂಗ ಕಾಣತೈತವಾ. ಜೋಡಸಾಕ ಹೊತ್ತಾಕ್ಕೈತಿ. ನಿನ್ನ ಅಳು ಮುಗಿಯೂತನಾ ಅಲ್ಲೇ ಕುಂದ್ರು ಕೂಸ, ನಾ ಇಲ್ಲೇ ಅದೇನಿ.”